ಫ್ಲೆಕ್ಸಿನಲ್ಲಿ ಅಳಿಸಿದ ಕೊಡ

ನನ್ನ ತೂಕ ತೊಂಬತ್ತಮೂರು ಕೆಜಿ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳದಿದ್ದರೆ ಬೇರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮದುವೆಯಾಗಿ ಅಕ್ಕೂರಿನ ಈ ಮನೆಗೆ ಕಾಲಿಟ್ಟು ಇಪ್ಪತ್ತಾರು ವರ್ಷವಾಯಿತು. ಅಂದಿನಿಂದ ನನ್ನ ಮೈಯನ್ನು ಕಣ್ಣಲ್ಲೇ ಅಳೆಯದ ನೆಂಟರಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮುದುಡಿಕೊಳ್ಳುವುದು, ಮದುವೆ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದರೆ ಎರಡು ಕುರ್ಚಿ ಜೋಡಿಸಿ ಕೊಡುವ ತಮಾಷೆ, ಎಲ್ಲವನ್ನೂ ನುಂಗಿಕೊಂಡಿದ್ದೇನೆ. ಆದರೆ ನನ್ನ ನಾದಿನಿ, ಅಂದರೆ ನನ್ನ ಯಜಮಾನರ ಒಬ್ಬಳೇ ತಂಗಿ, ಮಾಡಿದ್ದನ್ನು ನುಂಗಿಕೊಳ್ಳಲಿಲ್ಲ. ಅವಳು ನನಗೆ ಮಾಡಿದ್ದನ್ನೂ ನಾನು ಅವಳಿಗೆ ಮಾಡಿದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಕ್ಷಮಿಸಿದ್ದೇನೆ ಎಂದು ಯಾರೂ ತಿಳಿದುಕೊಳ್ಳಬೇಡಿ.

ನಮ್ಮದು ರೇಷ್ಮೆ ಬೇಸಾಯ. ಹುಳು ಸಾಕುವ ಮನೆಯ ಕೆಲಸ ಗೊತ್ತಿಲ್ಲದವರಿಗೆ ಒಸಿ ಹೇಳಬೇಕು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಸಾಮಾನ್ಯದ್ದಲ್ಲ. ಆ ಒಂದು ವಾರ ಹಿಪ್ಪುನೇರಳೆ ಸೊಪ್ಪು ಕಡಿದು, ಹೊರೆ ಕಟ್ಟಿ, ತೋಟದಿಂದ ತಲೆಯ ಮೇಲೆ ಹೊತ್ತು ತಂದು ಹಾಸುತ್ತಲೇ ಇರಬೇಕು. ಹುಳು ಹಣ್ಣಾದ ದಿನವಂತೂ ಬಗ್ಗಿದ ಬೆನ್ನು ಎತ್ತುವಂತಿಲ್ಲ. ಒಂದೊಂದನ್ನೂ ಆಯ್ದು, ಅದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಈ ಮನೆಗೆ ಬಂದಾಗಿನಿಂದ ಒಂದು ಬೆಳೆಯನ್ನೂ ನಾನು ತಪ್ಪಿಸಿಲ್ಲ. ಹೊರೆ ಹೊರುವಾಗ ನನ್ನ ಕುತ್ತಿಗೆ ಅಲ್ಲಾಡುವುದಿಲ್ಲ, ಉಸಿರು ಏರುವುದಿಲ್ಲ. ನಮ್ಮ ಯಜಮಾನರು ನನಗಿಂತ ಮೂವತ್ತು ಕೆಜಿ ಕಡಿಮೆ, ಎರಡು ಹೊರೆ ಇಳಿಸಿದರೆ ಬೀಡಿಗೆ ಕೂರುತ್ತಾರೆ. ಆದರೂ ಮನೆಯಲ್ಲಿ ಕಾಯಿಲೆಯವಳು ಯಾರು ಅಂತ ಕೇಳಿದರೆ ಎಲ್ಲರ ಬೆರಳೂ ನನ್ನ ಕಡೆಗೇ.

ನಾದಿನಿಯನ್ನು ಚನ್ನಪಟ್ಟಣಕ್ಕೆ ಕೊಟ್ಟಿದೆ. ಆಗೆಲ್ಲ ಐವತ್ತೆರಡು ಕೆಜಿ, ನೋಡಲು ಲಕ್ಷಣವಾಗಿದ್ದಾಳೆ, ಅದನ್ನು ಇಲ್ಲ ಅನ್ನುವುದಿಲ್ಲ. ಐದು ವರ್ಷದ ಹಿಂದೆ ಪೇಟೆಯಲ್ಲಿ ಒಂದು ಮಳಿಗೆ ಹಿಡಿದು ತೂಕ ಇಳಿಸುವ ಸೆಂಟರ್ ತೆರೆದಳು. ಬೆಳಿಗ್ಗೆ ಎಂಟು ಗಂಟೆಗೆ ಹೆಂಗಸರೂ ಗಂಡಸರೂ ಸಾಲಾಗಿ ಕೂತು, ಡಬ್ಬಿಯ ಪೌಡರನ್ನು ಮಿಕ್ಸಿಯಲ್ಲಿ ಹಾಕಿ ನೊರೆ ಬರಿಸಿದ್ದನ್ನು ಲೋಟಗಟ್ಟಲೆ ಕುಡಿಯುತ್ತಿದ್ದರು. ತಿಂಡಿಗೂ ಅದೇ, ರಾತ್ರಿ ಊಟಕ್ಕೂ ಅದೇ. ವಾರಕ್ಕೊಮ್ಮೆ ಮಿಷಿನ್ನಿನ ಮೇಲೆ ನಿಲ್ಲಿಸಿ, ಇಳಿದ ತೂಕವನ್ನು ಎಲ್ಲರ ಮುಂದೆ ಕೂಗಿ ಹೇಳಿ ಚಪ್ಪಾಳೆ ಹೊಡೆಸುತ್ತಿದ್ದಳು. ಯಾರಿಗೆ ಎಷ್ಟು ಮೆಟ್ಟಿಲು ಹತ್ತಲು ಆಗುತ್ತದೆ, ಯಾರಿಗೆ ನಿದ್ದೆ ಚೆನ್ನಾಗಿ ಬರುತ್ತದೆ ಅಂತ ಅಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ.

ಒಂದು ಗೌರಿ ಹಬ್ಬಕ್ಕೆ ಅತ್ತೆಯ ಜೊತೆ ಅವಳ ಮಳಿಗೆಗೆ ಬಾಗಿನ ಕೊಡಲು ಹೋದ ನನ್ನನ್ನು ಸೀರೆಯ ನೆರಿಗೆ ಎತ್ತಿ ಹಿಡಿ ಅಂತ ಹೇಳಿ ಆ ಮಿಷಿನ್ನಿನ ಮೇಲೆ ನಿಲ್ಲಿಸಿದಳು. ಅದು ತೂಕದ ಜೊತೆ ದೇಹದ ವಯಸ್ಸನ್ನೂ ತೋರಿಸುತ್ತದಂತೆ. ನನ್ನದು ಎಪ್ಪತ್ತೊಂದು ಅಂತ ಬಂತು. ಆಗ ನನಗೆ ನಲವತ್ತೇಳು. ಅಲ್ಲೇ ಕೂತಿದ್ದ ನಮ್ಮ ಅತ್ತೆಗೆ ಎಪ್ಪತ್ತೆರಡು ನಡೆಯುತ್ತಿತ್ತು. ಅತ್ತಿಗೆ ನಮ್ಮವ್ವನಿಗಿಂತ ಒಂದೇ ವರ್ಷ ಚಿಕ್ಕವಳು ಅಂತ ಅವಳು ನಕ್ಕಳು, ಬಂದಿದ್ದವರೆಲ್ಲ ನಕ್ಕರು, ನಾನೂ ಬಾಗಿನದ ಮೊರ ಹಿಡಿದುಕೊಂಡು ನಕ್ಕೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವವರು ಗೂಡನ್ನು ತಕ್ಕಡಿಗೆ ಹಾಕುವ ಮೊದಲು ಕೈಗೆತ್ತಿಕೊಂಡು, ಅಮುಕಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಬರೀ ತೂಕ ನೋಡಿ ಕೊಂಡವನು ಕೆಡುತ್ತಾನೆ ಅಂತ ಅವರಿಗೆ ಗೊತ್ತು. ಹುಳುವಿನ ಗೂಡಿಗೆ ಇರುವಷ್ಟು ಮರ್ಯಾದೆಯೂ ಅಂದು ನನ್ನ ಮೈಗೆ ಸಿಗಲಿಲ್ಲ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮ ಮನೆದೇವರ ವಿಷಯ ಬಂದದ್ದರಿಂದ ಸುಮ್ಮನಿರಲು ಆಗಲಿಲ್ಲ.

ಮನೆದೇವರು ಮಾಗಡಿ ಕಡೆಯ ಒಂದು ಬಂಡೆ ಬೆಟ್ಟದ ಮೇಲಿದ್ದಾನೆ. ಕಾರ್ತಿಕದ ಒಂದು ಸೋಮವಾರ ನಮ್ಮ ಮನೆಯವರೆಲ್ಲ ಹೋಗಿ, ಬೆಟ್ಟದ ಬುಡದ ಕಲ್ಯಾಣಿಯಿಂದ ಕೊಡದಲ್ಲಿ ನೀರು ಹೊತ್ತು ಮೇಲಕ್ಕೆ ಒಯ್ದು ಅಭಿಷೇಕ ಮಾಡಿಸಿ, ಕೆಳಗಿಳಿದು ಊಟ ಹಾಕುತ್ತೇವೆ. ಮೊದಲ ಕೊಡ ಮನೆಯ ಹಿರಿಸೊಸೆಯದು, ಎರಡನೆಯದು ಮನೆಮಗಳದು. ಕೊಡವನ್ನು ದಾರಿಯಲ್ಲಿ ನೆಲಕ್ಕೆ ಇಡುವಂತಿಲ್ಲ. ಇಟ್ಟರೆ ಆ ನೀರು ದೇವರಿಗೆ ಸಲ್ಲದು, ವಾಪಸ್ ಇಳಿದು ಮತ್ತೆ ತುಂಬಿಕೊಂಡೇ ಬರಬೇಕು. ಒಬ್ಬರ ತಲೆಯಿಂದ ಇನ್ನೊಬ್ಬರು ಇಳಿಸಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಹಿತ್ತಾಳೆ ಕೊಡ, ಬಿಸಿಲಿಗೆ ಕಾಯುವ ಬಂಡೆ, ಅಲ್ಲಲ್ಲಿ ಮೆಟ್ಟಿಲು, ಉಳಿದಂತೆ ಬಂಡೆಯಲ್ಲೇ ಕಡಿದ ಗುಳಿಗಳು. ಅತ್ತೆ ಆ ಕೊಡವನ್ನು ನನ್ನ ತಲೆಗೆ ಏರಿಸಿದ್ದು ನಾನು ಮದುವೆಯಾಗಿ ಬಂದ ವರ್ಷ. ಈ ಮನೆಯಲ್ಲಿ ಯಾರೂ ನನ್ನ ಮೈ ನೋಡಿ ನಗದ ಒಂದು ದಿನ ಅಂದರೆ ಅದೇ. ಆ ದಿನಕ್ಕಾಗಿ ನಾನು ವರ್ಷವೆಲ್ಲ ಕಾಯುತ್ತಿದ್ದೆ.

ನಾದಿನಿಗೂ ನನಗೂ ಮಾತ್ರ ಗೊತ್ತಿದ್ದ ಒಂದು ಸಂಗತಿಯಿತ್ತು. ಗಂಡಸರು ಹಣ್ಣುಕಾಯಿ ಬುಟ್ಟಿ ಹಿಡಿದು ಮುಂದೆ ಹೋಗುತ್ತಾರೆ, ಕೊಡ ಹೊತ್ತ ನಾವಿಬ್ಬರು ಹಿಂದೆ. ಅರ್ಧ ದಾರಿಯಲ್ಲಿ ಒಂದು ಹಳೇ ಮಂಟಪ, ಅದರಾಚೆ ದಾರಿ ದೊಡ್ಡ ಬಂಡೆಯ ಹಿಂದಕ್ಕೆ ತಿರುಗುತ್ತದೆ. ಆ ಮರೆಗೆ ಬಂದ ಕೂಡಲೇ ಅವಳ ಕೊಡವನ್ನು ನಾನು ಸೊಂಟಕ್ಕೆ ತೆಗೆದುಕೊಳ್ಳುತ್ತಿದ್ದೆ. ತಲೆಯ ಮೇಲೊಂದು, ಸೊಂಟದಲ್ಲೊಂದು. ಗುಡಿ ಕಾಣುವ ಕೊನೆಯ ತಿರುವಿನಲ್ಲಿ ಅವಳದನ್ನು ಅವಳಿಗೆ ಕೊಡುತ್ತಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮನೆಮಗಳ ಗತ್ತಿನಲ್ಲಿ ಗುಡಿಯೊಳಗೆ ಹೋಗುತ್ತಿದ್ದಳು. ಅವಳು ಮೊದಲ ಬಸುರಿಯಾಗಿದ್ದ ವರ್ಷ ಕನಿಕರಕ್ಕೆ ಶುರುವಾದದ್ದು, ಹದಿನೇಳು ವರ್ಷ ನಡೆಯಿತು. ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಅದೊಂದು ವೈಶಾಖದಲ್ಲಿ ನಮ್ಮೂರಿನ ಹೆಂಗಸೊಬ್ಬಳು ಚನ್ನಪಟ್ಟಣದಿಂದ ಬಂದವಳೇ ನೇರ ನಮ್ಮ ಹುಳುಮನೆಯ ಬಾಗಿಲಿಗೆ ಬಂದು, ಬಸ್ ಸ್ಟ್ಯಾಂಡ್ ಹತ್ತಿರ ನಿನ್ನನ್ನು ಕಂಬಕ್ಕೆ ಕಟ್ಟಿದ್ದಾರೆ ಅಂದಳು. ಮಾರನೇ ದಿನ ಹೋಗಿ ನೋಡಿದೆ. ಎರಡು ಆಳೆತ್ತರದ ಫ್ಲೆಕ್ಸ್. ಬಲಗಡೆ ನಾದಿನಿ, ಬಿಗಿ ಟೀ ಶರ್ಟು, ಬಿಳೀ ಬೂಟು, ಸೊಂಟದ ಮೇಲೆ ಕೈ. ಅವಳ ಕೆಳಗೆ "ನಂತರ" ಅಂತ ಬರೆದಿತ್ತು. ಎಡಗಡೆ ನಾನು. ನನ್ನ ಕೆಳಗೆ "ಮೊದಲು". ಮುಖ ಕಾಣದ ಹಾಗೆ ಮಸುಕು ಮಾಡಿಸಿದ್ದಳು. ಆದರೆ ಸಾಸಿವೆ ಬಣ್ಣದ ಅಂಚಿನ ಗಿಳಿಹಸಿರು ಸೀರೆ ನನ್ನದು, ಮೊಣಕೈ ಮೇಲಿನ ಹಚ್ಚೆ ನನ್ನದು, ಹೊಟ್ಟೆ ನನ್ನದು.

ಆ ಫೋಟೋ ಯಾವಾಗ ತೆಗೆದದ್ದು ಅಂತ ಹೊಳೆಯಲು ಒಸಿ ಹೊತ್ತು ಹಿಡಿಯಿತು. ಹಿಂದಿನ ಕಾರ್ತಿಕದ್ದು. ಮಂಟಪ ದಾಟಿದ ಮೇಲೆ, ಅವಳ ಕೊಡ ನನ್ನ ಸೊಂಟದಲ್ಲಿದ್ದಾಗ, ಕೈ ಖಾಲಿಯಾದ ಅವಳು ಫೋನಿನಲ್ಲಿ ತೆಗೆದದ್ದು. ಸೊಂಟದ ಕೊಡದ ಮೇಲೆ "ಆರೇ ತಿಂಗಳಲ್ಲಿ" ಅನ್ನುವ ಕೆಂಪು ವೃತ್ತ ಕೂರಿಸಿದ್ದರು. ತಲೆಯ ಮೇಲಿನ ಕೊಡವನ್ನು ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟಿದ್ದರು. ಕೊಡ ಹೋಗಿ ಅದನ್ನು ಹಿಡಿದಿದ್ದ ಕೈ ಮಾತ್ರ ಉಳಿದಿತ್ತು. ಹಾಗಾಗಿ ನೋಡಿದವರಿಗೆ ನಾನು ನನ್ನ ದಪ್ಪಕ್ಕೆ ಹೆದರಿ ತಲೆಯ ಮೇಲೆ ಕೈ ಹೊತ್ತು ನಿಂತವಳ ಹಾಗೆ ಕಾಣುತ್ತಿದ್ದೆ. ಒಂದು ಬೆಟ್ಟವನ್ನು ಎರಡು ಕೊಡ ಹೊತ್ತು ಹತ್ತುತ್ತಿದ್ದವಳು ನಾನು. ಅಲ್ಲೇ ನಿಂತು ಬಾಳೆಹಣ್ಣು ಮಾರುತ್ತಿದ್ದವನು ಆ ಮೇಡಂ ಮೊದಲು ಹೀಗಿದ್ದರಂತೆ, ಆರೇ ತಿಂಗಳಲ್ಲಿ ಇಳಿಸಿದರಂತೆ ಅಂತ ನನಗೇ ವಿವರಿಸಿದ. 

ನೆಟ್ಟಗೆ ಅವಳ ಮಳಿಗೆಗೆ ಹೋದೆ. ಗಿರಾಕಿಗಳಿದ್ದರು, ಹಾಗಾಗಿ ಅವಳು ನನ್ನನ್ನು ಹಿಂದಿನ ಬಾಗಿಲಿಗೆ ಕರೆದುಕೊಂಡು ಹೋದಳು. ನಾಚಿಕೆಯಿಂದ ತಲೆ ತಗ್ಗಿಸುತ್ತಾಳೆ ಅಂದುಕೊಂಡಿದ್ದೆ.

"ಮುಖ ಕಾಣ್ದಂಗೆ ಮಾಡ್ಸಿವ್ನಲ್ಲ ಅತ್ಗೆ, ಯಾರ್ಗೆ ಗೊತ್ತಾಯ್ತದೆ? ನಿನ್ ಮೈ ನೋಡಿ ನಾಕ್ ಜನಕ್ಕೆ ಒಳ್ಳೇದಾದ್ರೆ ನಿಂಗೇ ಪುಣ್ಯ ಬುಡು," ಅಂದಳು.

ತೆಗೆಸು ಅಂದೆ. ದೀಪಾವಳಿವರೆಗೆ ಇರಲಿ ಅಂದಳು.  ಅಕ್ಕೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತವಳು, ಇವಳಿಗೆ ತಕ್ಕದ್ದು ಮಾಡದೆ ಬಿಡುವುದಿಲ್ಲ ಅಂತ ಮನಸ್ಸಿನಲ್ಲೇ ಮನೆದೇವರ ಹೆಸರು ಹೇಳಿ ಗಂಟು ಹಾಕಿಕೊಂಡೆ.

ನಾನು ಏನಾದರೂ ಮಾಡುವ ಮೊದಲೇ ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. ಆ ವರ್ಷದ ಕಾರ್ತಿಕಕ್ಕೆ ತನ್ನ ಸೆಂಟರಿನ ನಲವತ್ತು ಜನರನ್ನು ಎರಡು ವ್ಯಾನಿನಲ್ಲಿ ಬೆಟ್ಟಕ್ಕೆ ಕರೆತರುವ ಯೋಜನೆ ಹಾಕಿದ್ದಳು. ಅವರ ಮುಂದೆ ತಾನು ಮೊದಲ ಕೊಡ ಹೊತ್ತು ಬೆಟ್ಟ ಹತ್ತಬೇಕು, ಅದನ್ನು ವಿಡಿಯೋ ಮಾಡಿಸಬೇಕು. ಅದಕ್ಕೆ ನಾನು ಅಡ್ಡ. ಅವಳು ಅಣ್ಣನಿಗೂ ಅವ್ವನಿಗೂ ಫೋನ್ ಮಾಡಿ ಮಾಡಿ ಅತ್ತಿಗೆಯ ದೇಹದ ವಯಸ್ಸು ಎಪ್ಪತ್ತೊಂದು, ಬೆಟ್ಟದ ಮೇಲೆ ಹಾರ್ಟು ನಿಂತರೆ ಹೊಣೆ ಯಾರು ಅಂತ ಹೆದರಿಸಿದಳು. ಸೆಂಟರಿನ ಮಿಷಿನ್ನು ಕೊಟ್ಟ ಚೀಟಿಯನ್ನು ತಂದು ತೋರಿಸಿದಳು. ಒಂದು ಸಂಜೆ ಅತ್ತೆ ನನ್ನನ್ನು ಜಗಲಿಗೆ ಕರೆದು ಕೂರಿಸಿಕೊಂಡರು.

"ಈ ಕಿತ ನೀನು ಒಲೆ ತಾವ್ ಇದ್ಬುಡವ್ವ. ಮೊದ್ಲ್ ಕೊಡ ಅವ್ಳೇ ಹೊತ್ಕಳ್ಳಿ. ನೀನು ಉಳ್ಕಂಡ್ರೆ ಸಾಕು ನಮ್ಗೆ," ಅಂದರು.

ಅವರ ದನಿಯಲ್ಲಿ ಕಪಟವಿರಲಿಲ್ಲ, ನಿಜವಾಗಿಯೂ ಹೆದರಿದ್ದರು. ಅದೇ ನನಗೆ ಹೆಚ್ಚು ನೋವಾದದ್ದು. ಬೆಳಿಗ್ಗೆಯಷ್ಟೇ ಅವರ ಕಣ್ಣ ಮುಂದೆ ಐದು ಹೊರೆ ಸೊಪ್ಪು ಇಳಿಸಿದ್ದೆ, ಆದರೂ ಅವರು ನಂಬಿದ್ದು ಚೀಟಿಯನ್ನು. ಕೊಡ ಹೋದರೆ ಹೋಗಲಿ ಅಂದುಕೊಳ್ಳಬಹುದಿತ್ತು. ಆದರೆ ಒಂದು ಸಲ ಕಾಯಿಲೆಯವಳು ಅಂತ ಪಕ್ಕಕ್ಕೆ ಕೂರಿಸಿದರೆ ಮುಂದೆ ಹುಳುಮನೆ, ತೋಟ, ಒಂದೊಂದಾಗಿ ಕೈ ತಪ್ಪುತ್ತದೆ. ನಲವತ್ತೆಂಟಕ್ಕೇ ಮುದುಕಿಯಾಗಿ ಜಗಲಿ ಹಿಡಿಯಲು ನನಗೆ ಇಷ್ಟವಿರಲಿಲ್ಲ.

ಯಾರಿಗೂ ಹೇಳದೆ ರಾಮನಗರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆ. ಹೆಂಗಸು ಡಾಕ್ಟರು, ವಯಸ್ಸಾದವರು. ಬಿಪಿ ನೋಡಿದರು, ರಕ್ತ ತೆಗೆಸಿದರು, ಇಸಿಜಿ ಮಾಡಿಸಿದರು. ಆಮೇಲೆ ಎರಡು ಮಹಡಿ ಹತ್ತಿ ಇಳಿದು ಬಾ ಅಂದರು. ಹತ್ತಿ ಇಳಿದು ಬಂದು ಎದುರಿಗೆ ನಿಂತಾಗ ಕೈ ಹಿಡಿದು ನಾಡಿ ಎಣಿಸಿದರು. ದಿನಾ ಏನು ಕೆಲಸ ಅಂತ ಕೇಳಿದರು, ಹೇಳಿದೆ. ಒಸಿ ತೂಕ ಇಳಿದರೆ ಮುಂದೆ ಮಂಡಿಗೆ ಒಳ್ಳೆಯದು, ಅದು ಬೇರೆ ಮಾತು, ಆದರೆ ನಿನ್ನ ಹೃದಯ ದುಡಿದು ಗಟ್ಟಿಯಾದದ್ದು, ಕೊಡ ಹೊರಲು ಏನೂ ತೊಂದರೆ ಇಲ್ಲ ಅಂದರು. ಅದನ್ನೇ ಬರೆದೂ ಕೊಟ್ಟರು. ಆ ಕಾಗದ ತಂದು ಯಜಮಾನರ ಕೈಗಿಟ್ಟರೆ ಅವರು ಎರಡೂ ಬದಿ ತಿರುಗಿಸಿ ನೋಡಿ, ಡಾಕ್ಟ್ರು ಏನೋ ಬರೀತಾರೆ ಬಿಡು, ನಿನ್ನನ್ನು ನೋಡಿದರೆ ಗೊತ್ತಾಗಲ್ವಾ ಅಂದರು. ನಾನು ಕಾಗದವನ್ನು ಮಡಿಸಿ ಟ್ರಂಕಿನಲ್ಲಿಟ್ಟೆ. ಅದರ ಪಕ್ಕದಲ್ಲೇ ಗಿಳಿಹಸಿರು ಸೀರೆ ಇತ್ತು. ಆಗ ನನಗೆ ದಾರಿ ಕಂಡಿತು.

ಆ ಸೋಮವಾರ ನಾನು ಅದೇ ಸೀರೆ ಉಟ್ಟೆ. ಬೆಟ್ಟದ ಬುಡದಲ್ಲಿ ಒಲೆ ಹೂಡಿ ಅನ್ನಕ್ಕೆ ಎಸರಿಟ್ಟು ಕೂತೆ. ವ್ಯಾನು ಬಂದವು. ನಲವತ್ತು ಜನ, ಸೀರೆ ಚೂಡಿದಾರಗಳ ಮೇಲೆಯೇ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡಿದ್ದರು. ನಾದಿನಿ ಮಡಿಯುಟ್ಟು ಬಂದಳು. ನನ್ನ ಸೀರೆ ನೋಡಿ ಅವಳ ಮುಖ ಒಂದು ಗಳಿಗೆ ಸಣ್ಣಗಾಯಿತು, ಆದರೆ ಅದಕ್ಕಿಂತ ದೊಡ್ಡ ಚಿಂತೆ ಅವಳಿಗಿತ್ತು. ಕಲ್ಯಾಣಿಗೆ ಇಳಿಯುವ ಮೊದಲು ಒಲೆಯ ಹತ್ತಿರ ಬಂದು, ಉಪ್ಪು ನೋಡುವವಳ ಹಾಗೆ ಬಗ್ಗಿದಳು.

"ಅತ್ಗೆ, ಮಂಟಪ್ದ್ ತಾವ್ ಬಂದ್ಬುಡು. ಎಲ್ರನ್ನೂ ವಿಡಿಯೋದವ್ನನ್ನೂ ಮುಂದಕ್ ಕಳಿಸ್ತೀನಿ. ಯಾರ್ಗೂ ಗೊತ್ತಾಗದ್ ಬ್ಯಾಡ," ಅಂದಳು.

ನನ್ನನ್ನು ಕಂಬಕ್ಕೆ ಕಟ್ಟಿದವಳು, ನನ್ನ ಕೊಡ ಕಿತ್ತುಕೊಂಡವಳು, ಅದನ್ನು ಹೊರಲು ನನ್ನನ್ನೇ ಕರೆಯುತ್ತಿದ್ದಳು. ನಾನು ಸೌದೆ ಒಳಕ್ಕೆ ನೂಕಿದೆ.

"ನಾನು ಕಾಯ್ಲೆಯವ್ಳು ಕಣವ್ವ. ಎಪ್ಪತ್ತೊಂದು ವರ್ಸ. ನನ್ ಕೈಲಾಯ್ತದಾ?" ಅಂದೆ.

ಅವಳು ನನ್ನನ್ನೇ ನೋಡಿದಳು. ಆಗಲೇ ಅವಳ ಹೆಸರು ಕೂಗುತ್ತಿದ್ದರು. ಸಿಂಬಿಯ ಮೇಲೆ ಕೊಡ ಏರಿಸಿಕೊಂಡು ಹೊರಟಳು. ಮುಂದೆ ಒಬ್ಬ ಫೋನ್ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕುತ್ತ ವಿಡಿಯೋ ಮಾಡುತ್ತಿದ್ದ, ಅಕ್ಕಪಕ್ಕ ಟೀ ಶರ್ಟಿನವರು ಜೈಕಾರ ಹಾಕುತ್ತಿದ್ದರು. ನಾನು ಅನ್ನ ಬಸಿದೆ. ಬಸಿಯುತ್ತಲೇ ಕತ್ತೆತ್ತಿ ನೋಡುತ್ತಿದ್ದೆ. ಬಂಡೆಯ ಮೇಲೆ ಕೊಡ ಫಳಫಳ ಹೊಳೆಯುತ್ತ ಹೋಗುತ್ತಿತ್ತು. ಮೊದಲು ನೆಟ್ಟಗೆ ಹೋಯಿತು, ಆಮೇಲೆ ಅತ್ತಿತ್ತ ಓಲಾಡಿತು, ನಿಂತು ನಿಂತು ಹೋಯಿತು. ಮಂಟಪದ ಹತ್ತಿರ ಹೋದದ್ದೇ ತಡ, ಕೆಳಗಿಳಿಯಿತು. ಹಿತ್ತಾಳೆ ಬಂಡೆಗೆ ಬಡಿದ ಸದ್ದು ಬುಡದವರೆಗೆ ಕೇಳಿಸಿತು. ಆ ಸದ್ದು ಕೇಳಿ ನನಗೆ ಎಷ್ಟು ಸಂತೋಷವಾಯಿತು ಅಂತ ಹೇಳಿದರೆ ಓದುವವರು ಮುಖ ತಿರುಗಿಸಬಹುದು. ಆದರೂ ಆಯಿತು.

ಇಬ್ಬರು ಕೆಳಗೆ ಓಡಿ ಬಂದರು. ಕಣ್ಣು ಕತ್ತಲೆ ಬಂದು ಕೂತಿದ್ದಾಳೆ, ನೀರು ಕುಡಿಸಿದ್ದೇವೆ, ಆದರೆ ಏಳಲು ಆಗುತ್ತಿಲ್ಲ ಅಂದರು. ಮೇಲೆ ಅರ್ಚಕರು ಕಾಯುತ್ತಿದ್ದರು, ಕೊಡ ನೆಲ ಮುಟ್ಟಿತ್ತು. ಅತ್ತೆ ಕೈ ಕೈ ಹಿಸುಕಿಕೊಂಡು ನನ್ನ ಕಡೆ ನೋಡಿದರು. ನಾನು ಕೈ ತೊಳೆದು, ಎರಡನೇ ಕೊಡ ತೆಗೆದುಕೊಂಡು ಕಲ್ಯಾಣಿಗೆ ಇಳಿದೆ. ಬೇಡ ಅಂತ ಯಾರೂ ಅನ್ನಲಿಲ್ಲ.

ದಾರಿಯಲ್ಲಿ ಟೀ ಶರ್ಟಿನವರು ಅಲ್ಲೊಬ್ಬರು ಇಲ್ಲೊಬ್ಬರು ಬಂಡೆಗೆ ಒರಗಿ ಕೂತಿದ್ದರು. ಆರು ತಿಂಗಳಿಂದ ಚಪ್ಪಾಳೆ ಹೊಡೆಸಿಕೊಂಡು ತೂಕ ಇಳಿಸಿದವರು, ತೊಡೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು. ನಮ್ಮ ಯಜಮಾನರೂ ಒಂದು ಮೆಟ್ಟಿಲ ಮೇಲೆ ಹಣ್ಣಿನ ಬುಟ್ಟಿ ತಬ್ಬಿಕೊಂಡು ಕೂತಿದ್ದರು. ಏನೋ ಹೇಳಲು ಬಾಯಿ ತೆರೆದರು, ಉಸಿರು ಸಾಲಲಿಲ್ಲ. ಮಂಟಪದ ನೆರಳಿನಲ್ಲಿ ನಾದಿನಿ ಕಂಬಕ್ಕೆ ಆತು ಕೂತಿದ್ದಳು. ಒಬ್ಬಳು ಗಾಳಿ ಹಾಕುತ್ತಿದ್ದಳು. ನನ್ನನ್ನು ಕಂಡು ಕೈ ಚಾಚಿದಳು. ನಾನು ನಿಲ್ಲಲಿಲ್ಲ. ನನ್ನ ತಲೆಯ ಮೇಲೆ ದೇವರ ನೀರಿತ್ತು, ನಿಲ್ಲುವಂತೆಯೂ ಇರಲಿಲ್ಲ. ದೇವರೂ ನನ್ನ ಪರವೇ ಇದ್ದ ದಿನ ಅದು.

ಗಾಳಿ ಹಾಕುತ್ತಿದ್ದ ಆ ಹೆಂಗಸು, ರೈಲ್ವೆ ಸ್ಟೇಷನ್ ರಸ್ತೆಯ ಟೈಲರಂತೆ, ಕೈ ನಿಲ್ಲಿಸಿ ನನ್ನ ಸೀರೆಯ ಅಂಚು ನೋಡಿದಳು, ಮೇಲಕ್ಕೆತ್ತಿದ ಕೈ ನೋಡಿದಳು, ಹಚ್ಚೆ ನೋಡಿದಳು. ಬಟ್ಟೆ ಹೊಲಿಯುವವರ ಕಣ್ಣಿಗೆ ಮುಖ ಬೇಕಾಗಿಲ್ಲ.

"ಅಕ್ಕ, ಬಸ್ ಸ್ಟ್ಯಾಂಡ್ ಫೋಟೋದಾಗಿರೋರು ನೀವಲ್ವಾ?" ಅಂದಳು.

ನಡೆಯುತ್ತಲೇ ಹೇಳಿದೆ: "ಹೂಂ ಕಣವ್ವ, ನಾನೇಯ. ತಲೆ ಮ್ಯಾಲೆ ಇದೇ ಕೊಡ ಇತ್ತು, ಅಳಿಸ್ಬುಟ್ಟವ್ಳೆ. ಸೊಂಟ್ದಾಗೆ ಅವ್ಳ್ ಕೊಡಾನೂ ಇತ್ತು."

 ಗುಡಿಗೆ ಹೋದೆ. ಕೊಡವನ್ನು ಅರ್ಚಕರ ಕೈಗೆ ಒಪ್ಪಿಸಿದೆ. ಅಭಿಷೇಕ ಮುಗಿಯುವವರೆಗೆ ಕೈ ಮುಗಿದು ನಿಂತಿದ್ದೆ, ಆದರೆ ಕಣ್ಣು ಮುಚ್ಚಿದಾಗ ಕಂಡದ್ದು ದೇವರಲ್ಲ, ಬಸ್ ಸ್ಟ್ಯಾಂಡಿನ ಕಂಬ.

ಇಳಿದು ಬಂದಾಗ ಅವಳು ಇನ್ನೂ ಅಲ್ಲೇ ಇದ್ದಳು. ಇಬ್ಬರು ಗಂಡಸರು ತೋಳು ಹಿಡಿದು ಎಬ್ಬಿಸಿ, ಎರಡು ಗುಳಿ ಇಳಿಸುವಷ್ಟರಲ್ಲಿ ತಾವೇ ಜಾರಿ ಕೂತಿದ್ದರಂತೆ. ನಾನು ಸೆರಗು ಬಿಗಿದು ಕಟ್ಟಿ ಅವಳ ಮುಂದೆ ಬಗ್ಗಿ ಕೂತೆ. ಹತ್ತು ಅಂದೆ. ಅವಳಿಗೆ ಬೇರೆ ದಾರಿಯಿರಲಿಲ್ಲ. ಕುತ್ತಿಗೆ ಸುತ್ತ ಕೈ ಹಾಕಿ ಬೆನ್ನಿಗೆ ಬಿದ್ದಳು. ಎದ್ದು ನಿಂತೆ. ಹಸಿ ಸೊಪ್ಪಿನ ದೊಡ್ಡ ಹೊರೆಗಿಂತ ಅವಳು ಹೆಚ್ಚೇನೂ ಇರಲಿಲ್ಲ. ನಲವತ್ತು ಫೋನುಗಳು ಮೇಲೆದ್ದವು. ನಾನು ಅವಸರ ಮಾಡಲಿಲ್ಲ. ಎಲ್ಲರೂ ಚೆನ್ನಾಗಿ ತೆಗೆದುಕೊಳ್ಳಲಿ ಅಂತ ಒಂದೊಂದೇ ಗುಳಿ ನೋಡಿ ನೋಡಿ ಕಾಲಿಟ್ಟೆ.

ಅರ್ಧ ಇಳಿದ ಮೇಲೆ ಅವಳು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು. "ಶನಿವಾರದಿಂದ ಏನೂ ತಿಂದಿಲ್ಲ ಅತ್ಗೆ. ವಿಡಿಯೋದಾಗೆ ಹೊಟ್ಟೆ ಕಾಣ್ದೇ ಇರ್ಲಿ ಅಂತವ. ಯಾರ್ಗೂ ಹೇಳ್ಬ್ಯಾಡ."

ಅವಳ ಪಕ್ಕೆಲುಬು ನನ್ನ ಬೆನ್ನಿಗೆ ಒತ್ತುತ್ತಿತ್ತು. ಮೂರು ವರ್ಷದಿಂದ ಆ ಮಿಷಿನ್ನಿಗೆ ಎಲ್ಲರಿಗಿಂತ ಹೆಚ್ಚು ಹೆದರಿ ಬದುಕಿದವಳು ಇವಳೇ ಅಂತ ಆಗ ತಿಳಿಯಿತು. ಕನಿಕರ ಬಂತು, ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಕನಿಕರ ಬಂದರೆ ಸಿಟ್ಟು ಹೋಗುತ್ತದೆ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ನನ್ನದು ಹೋಗಲಿಲ್ಲ. ಬುಡಕ್ಕೆ ಬಂದು ಅವಳನ್ನು ಇಳಿಸಿ, ಎಲೆ ಹಾಕಿ, ಬಿಸಿ ಅನ್ನಕ್ಕೆ ಸಾರು ಸುರಿದು ಮುಂದಿಟ್ಟೆ. ಮೂರು ಸಲ ಬಡಿಸಿದೆ, ಮೂರು ಸಲವೂ ತಿಂದಳು. ಅವಳ ಗಿರಾಕಿಗಳು ನೋಡುತ್ತಾ ಕೂತಿದ್ದರು. ಆಮೇಲೆ ಅವರೂ ಎಲೆ ಹಾಕಿಸಿಕೊಂಡರು.

ಮಾರನೇ ದಿನದ ಹೊತ್ತಿಗೆ ನಾನು ಅವಳನ್ನು ಹೊತ್ತ ಫೋಟೋ ಚನ್ನಪಟ್ಟಣದ ಎಷ್ಟೋ ಫೋನುಗಳಲ್ಲಿತ್ತು. ಟೈಲರಮ್ಮನೇ ನನಗೂ ಕಳಿಸಿದಳು. ಅಲ್ಲಿಗೆ ಸಾಕಿತ್ತು ಅಂತ ಈಗಲೂ ನಮ್ಮ ಯಜಮಾನರು ಹೇಳುತ್ತಾರೆ. ನನಗೆ ಸಾಕಾಗಿರಲಿಲ್ಲ. ಅವಳು ಫ್ಲೆಕ್ಸ್ ಮಾಡಿಸಿದ್ದ ಅಂಗಡಿಯನ್ನೇ ಹುಡುಕಿಕೊಂಡು ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದವನಿಗೆ ಫೋಟೋ ತೋರಿಸಿ, ಮೊದಲಿನದ್ದೇ ಅಳತೆಯಲ್ಲಿ ಬೇಕು ಅಂದೆ. ಬೆನ್ನ ಮೇಲಿರುವವಳ ಮುಖ ಮಸುಕು ಮಾಡು, ನನ್ನ ಮುಖ ಹಾಗೇ ಇರಲಿ ಅಂದೆ. ಅವನು ಫೋಟೋವನ್ನು ದೊಡ್ಡದು ಮಾಡಿಕೊಂಡು ನೋಡಿದ. ಸೀರೆಯ ಗುರುತು ಹತ್ತಿತೋ ಇಲ್ಲವೋ, ಕೆಲಸದ ಅಭ್ಯಾಸದಲ್ಲಿ ಕೇಳಿದ:

"ಬೆನ್ ಮ್ಯಾಲಿರೋದ್ನ ಅಳಿಸ್ಬುಡ್ಲಾ ಅಕ್ಕ?"

"ಬ್ಯಾಡ," ಅಂದೆ. "ಅದು ಇರ್ಲಿ."

ಕೆಳಗೆ ಏನು ಬರೆಯಲಿ ಅಂದ. "ನಂತರ" ಅಂತ ಬರೆಸಿದೆ.

ಅದೇ ಕಂಬಕ್ಕೆ, ದೀಪಾವಳಿ ಕಳೆದರೂ ಬಿಚ್ಚಿಸದೆ ಬಿಟ್ಟಿದ್ದ ಅವಳ ಫ್ಲೆಕ್ಸಿನ ಮಗ್ಗುಲಿಗೇ ಕಟ್ಟಿಸಿದೆ. ಆರು ದಿನ ಇತ್ತು. ಆಮೇಲೆ ಅವಳೇ ಯಾರನ್ನೋ ಕಳಿಸಿ ಎರಡನ್ನೂ ಬಿಚ್ಚಿಸಿದಳು. ಬಿಚ್ಚಿದವನನ್ನು ಹಿಡಿದು ಎರಡನ್ನೂ ನಾನು ಮನೆಗೆ ತಂದೆ. ಅವಳ ಸೆಂಟರಿಗೆ ಬರುವವರು ಕಡಿಮೆಯಾದರು. ಯುಗಾದಿಯ ಹೊತ್ತಿಗೆ ಮಳಿಗೆ ಬಿಟ್ಟುಕೊಟ್ಟಳು. ನನ್ನ ಕೊಡ ನನಗೆ ಬಂತು. ಹುಳುಮನೆಯಲ್ಲಿ ಕೂತ್ಕೊ, ಸುಧಾರಿಸಿಕೊ ಅಂತ ಈಗ ಯಾರೂ ಹೇಳುವುದಿಲ್ಲ. ಯಜಮಾನರು ಒಂದು ದಿನ ತಾವಾಗಿಯೇ ಟ್ರಂಕಿನಿಂದ ಡಾಕ್ಟರ ಕಾಗದ ತೆಗೆದು ಓದಿ, ಮತ್ತೆ ಅಲ್ಲೇ ಇಟ್ಟರು. ನಾನು ನೋಡಿದೆ ಅಂತ ಅವರಿಗೆ ಗೊತ್ತಿಲ್ಲ.

ಹೋದ ಯುಗಾದಿಗೆ ನಾದಿನಿ ತವರಿಗೆ ಬಂದಳು. ಮೈ ತುಂಬಿಕೊಂಡಿದ್ದಳು, ಮುಖದಲ್ಲಿ ಬಣ್ಣ ಬಂದಿತ್ತು. ನಾಲ್ಕನೇ ಜ್ವರ ಎದ್ದ ಹುಳುವಿಗೆ ಸೊಪ್ಪಿನ ವೇಳೆ. ಕೇಳದೇ ಸೀರೆ ಎತ್ತಿ ಕಟ್ಟಿಕೊಂಡು ನನ್ನ ಜೊತೆ ಸೊಪ್ಪಿನ ಕೋಣೆಗೆ ಬಂದಳು. ಕಡಿದು ತಂದ ಸೊಪ್ಪು ಬಾಡದ ಹಾಗೆ ರಾಶಿಯ ಮೇಲೆ ಒದ್ದೆ ಗೋಣಿ ಹಾಸಿ, ಅದರ ಮೇಲೆ ಹಳೇ ಫ್ಲೆಕ್ಸ್ ಹೊದಿಸಿರುತ್ತೇವೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೇ, ಯಾವುದೋ ಚುನಾವಣೆಯದೋ ಯಾವುದೋ ಹುಟ್ಟುಹಬ್ಬದ್ದೋ ಫ್ಲೆಕ್ಸ್ ಇರುತ್ತದೆ. ಅವಳು ಅಂಚು ಹಿಡಿದು ಮಗುಚಿದಳು. ಒಳಮುಖಕ್ಕೆ ನಾವಿಬ್ಬರೂ ಇದ್ದೆವು, ಅವಳು ನನ್ನ ಬೆನ್ನ ಮೇಲೆ, ಎರಡು ಆಳೆತ್ತರ.

ಅಂಚು ಹಿಡಿದ ಕೈ ಅಲ್ಲೇ ನಿಂತಿತು. 

"ಇನ್ನೂ ಮಡಿಕ್ಕಂಡಿದ್ದೀಯಾ ಅತ್ಗೆ?" ಅಂದಳು.

ನಾನು ಒಂದು ತೆಕ್ಕೆ ಸೊಪ್ಪು ಎತ್ತಿ ಅವಳ ಕೈಗೆ ಕೊಟ್ಟೆ.

"ಒಳ್ಳೆ ಗಟ್ಟಿ ಐತೆ ಕಣವ್ವ," ಅಂದೆ. "ಇನ್ನೂ ಹತ್ ವರ್ಸ ಬತ್ತದೆ."